ಒಂದು ಫ್ಲಾಪಿಯ ಬುತ್ತಿ

ಬೆಳಗಾವಿಯ ದಕ್ಷಿಣ ಭಾಗದಲ್ಲಿ, ಶಹಾಪುರ ವಡಗಾವಿಗಳ ಮಗ್ಗುಲಿಗೆ, ಖಾಸಬಾಗವೆಂಬ ಬಡಾವಣೆಯಿದೆ. ಅದು ನೇಕಾರರ ನೆಲೆ. ಬೆಳಗಿನ ಹೊತ್ತು ಅಲ್ಲಿಯ ಯಾವ ಓಣಿಯಲ್ಲಿ ಹೊಕ್ಕು ನಡೆದರೂ ಮಗ್ಗದ ಸದ್ದು ನಿಮ್ಮನ್ನು ಎದುರುಗೊಳ್ಳುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಒಲೆ, ನಡುವೆ ಸಂಸಾರ. ಆ ಮಗ್ಗಗಳಲ್ಲಿ ಕೆಲವುಗಳ ನೆತ್ತಿಯ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಮಾಲೆಯೊಂದು ಸುತ್ತುತ್ತಿರುವುದನ್ನು ನೀವು ಕಂಡಿರಬಹುದು. ಅದಕ್ಕೆ ಜಕಾರ್ಡ್ ಎನ್ನುತ್ತಾರೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮೇರಿ ಜಕಾರ್ಡ್ ಎಂಬವನು ೧೮೦೪ರ ಸುಮಾರಿಗೆ ಈ ಏರ್ಪಾಡನ್ನು ರೂಢಿಗೆ ತಂದನು. ರಟ್ಟಿನಲ್ಲಿ ತೂತಿದ್ದಲ್ಲಿ ಕೊಕ್ಕೆಯು ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಹಾದರೆ ಒಂದು ರಟ್ಟು ತಿರುಗಿತು. ಹೀಗೆ ನೂರಾರು ರಟ್ಟುಗಳು ತಿರುಗಿದ ಮೇಲೆ ಸೀರೆಯ ಸೆರಗಿನಲ್ಲಿ ಒಂದು ನವಿಲು ಮೂಡುತ್ತದೆ.

ಗಣಕಯಂತ್ರದ ಮಾತಿಗೆ ಬಂದವನು ಮಗ್ಗದ ಮಾತನ್ನೇಕೆ ಎತ್ತಿದೆನೆಂದು ನೀವು ಕೇಳಬಹುದು. ಕಾರಣವಿದೆ. ಯಂತ್ರಕ್ಕೆ ಹೇಳಬೇಕಾದುದನ್ನು ಬೇರೊಂದು ವಸ್ತುವಿನ ಮೇಲೆ ಬರೆದಿಟ್ಟು, ಬೇಕಾದಾಗ ಯಂತ್ರದ ಬಾಯಿಗೆ ಕೊಡುವ ಉಪಾಯವನ್ನು ಲೋಕವು ಕಲಿತದ್ದು ಮಗ್ಗದಿಂದಲೇ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ೧೮೩೦ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕೆ ಜಕಾರ್ಡನ ರಟ್ಟುಗಳನ್ನೇ ಮಾದರಿಯಾಗಿ ತೆಗೆದುಕೊಂಡನು. ರಟ್ಟಿನ ಸ್ಥಾನಕ್ಕೆ ಮುಂದೆ ಆಯಸ್ಕಾಂತದ ಲೇಪವುಳ್ಳ ತೆಳುವಾದ ತಟ್ಟೆ ಬಂದಿತು. ಅದೇ ಫ್ಲಾಪಿ. ಈ ಫ್ಲಾಪಿಯಲ್ಲಿ ಯಂತ್ರದ ಚಾಲಕಗಳನ್ನು, ಎಂದರೆ ಡ್ರೈವರುಗಳನ್ನು, ಹೇಗೆ ಹಿಡಿಸುತ್ತಿದ್ದರು, ಹಿಡಿಸದೆ ಹೋದಾಗ ಏನಾಗುತ್ತಿತ್ತು, ಅದರಿಂದ ಇಂದಿನ ನಮಗೇನು ಪ್ರಯೋಜನ ಎಂಬುದೇ ಈ ಮಾತಿನ ವಿಷಯ.

ಮೊದಲು ಡ್ರೈವರ್ ಎಂದರೇನೆಂದು ತಿಳಿಯೋಣ. ಗಣಕಯಂತ್ರವೆಂಬುದು ಒಂದೇ ಯಂತ್ರವಲ್ಲ, ಹಲವು ಯಂತ್ರಗಳ ಅವಿಭಕ್ತ ಕುಟುಂಬ. ತೆರೆಯೊಂದು, ಕೀಲಿಮಣೆಯೊಂದು, ಬರೆದುದನ್ನು ಕಾಪಾಡುವ ಹಾರ್ಡ್ ಡಿಸ್ಕ್ ಒಂದು, ಧ್ವನಿ ಹೊರಡಿಸುವ ಕಾರ್ಡೊಂದು. ಒಂದೊಂದನ್ನು ಒಬ್ಬೊಬ್ಬ ತಯಾರಕ ಮಾಡಿರುತ್ತಾನೆ. ಒಂದೊಂದರ ಸ್ವಭಾವ ಒಂದೊಂದು ಬಗೆ. ಈ ಕುಟುಂಬದ ಹಿರಿಯನೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್, ಲಿನಕ್ಸ್ ಎಂದು ನೀವು ಕೇಳಿರುವ ಹೆಸರುಗಳು ಅಂಥ ಹಿರಿಯರವು. ಆದರೆ ಎಷ್ಟೇ ಹಿರಿಯನಾದರೂ ಎಲ್ಲರ ಭಾಷೆಯನ್ನೂ ಬಲ್ಲವನಲ್ಲ. ಹೊಸ ಸೊಸೆ ಮನೆಗೆ ಬಂದರೆ ಅವಳ ಮಾತನ್ನು ಬಲ್ಲವರೊಬ್ಬರು ನಡುವೆ ನಿಂತು ತಿಳಿಸಬೇಕಾಗುತ್ತದೆ. ಹಾಗೆ ನಡುವೆ ನಿಲ್ಲುವ ಪುಟ್ಟ ಬರಹವೇ ಡ್ರೈವರ್. ಹಾರ್ಡ್ ಡಿಸ್ಕನ್ನು ನೋಡಿಕೊಳ್ಳುವ ಕಂಟ್ರೋಲರಿಗೆ ಒಂದು ಡ್ರೈವರ್, ಧ್ವನಿಗೆ ಒಂದು, ತೆರೆಗೆ ಒಂದು. ಧ್ವನಿಯ ಡ್ರೈವರ್ ಇಲ್ಲದಿದ್ದರೆ ಹಾಡು ಕೇಳುವುದಿಲ್ಲ, ಅಷ್ಟೇ. ಹಾರ್ಡ್ ಡಿಸ್ಕಿನ ಡ್ರೈವರ್ ಇಲ್ಲದಿದ್ದರೆ ಮಾತ್ರ ಹಿರಿಯನಿಗೆ ಮನೆಯೊಳಗೆ ಕಾಲಿಡುವುದಕ್ಕೇ ಆಗುವುದಿಲ್ಲ.

ತೊಡಕು ಇರುವುದು ಇಲ್ಲಿಯೇ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ನಮ್ಮ ಗಾದೆ ನಿಮಗೆ ಗೊತ್ತು. ಆಪರೇಟಿಂಗ್ ಸಿಸ್ಟಮನ್ನು ಹೊಸ ಯಂತ್ರದಲ್ಲಿ ನೆಲೆಗೊಳಿಸುವಾಗ ಇದೇ ಗಾದೆ ನಿಜವಾಗುತ್ತದೆ. ಅದು ಹಾರ್ಡ್ ಡಿಸ್ಕಿನಲ್ಲಿ ನೆಲೆಗೊಳ್ಳಬೇಕು. ಹಾರ್ಡ್ ಡಿಸ್ಕನ್ನು ಕಾಣಲು ಡ್ರೈವರ್ ಬೇಕು. ಡ್ರೈವರನ್ನು ಇಟ್ಟುಕೊಳ್ಳಲು ಹಾರ್ಡ್ ಡಿಸ್ಕಿನಲ್ಲಿ ಮೊದಲು ನೆಲೆ ಬೇಕು! ಈ ಗಂಟನ್ನು ಬಿಡಿಸಿದ್ದು ಫ್ಲಾಪಿ. ಯಂತ್ರದ ಮುಖ್ಯ ಹಲಗೆಯ ಮೇಲೆ ಬಯೋಸ್ ಎಂಬ ಒಂದಿಷ್ಟು ಹುಟ್ಟು ತಿಳಿವಳಿಕೆ ಇರುತ್ತಿತ್ತು. ಹಸುಗೂಸಿಗೆ ಹಾಲು ಚೀಪುವುದು ಗೊತ್ತಿರುವಂತೆ ಬಯೋಸಿಗೆ ಫ್ಲಾಪಿಯನ್ನು ಓದುವುದು ಯಾರೂ ಕಲಿಸದೆ ಗೊತ್ತಿತ್ತು. ವಿದ್ಯುತ್ತು ಹರಿದೊಡನೆ ಅದು ಫ್ಲಾಪಿಯ ಮೊದಲ ೫೧೨ ಬೈಟುಗಳನ್ನು ಓದುತ್ತಿತ್ತು. ಆ ೫೧೨ ಬೈಟುಗಳು ಮಿಕ್ಕುದನ್ನು ಕರೆತರುತ್ತಿದ್ದವು.

ಫ್ಲಾಪಿ ಹುಟ್ಟಿದುದೂ ಇಂಥ ಕೆಲಸಕ್ಕಾಗಿಯೇ. ೧೯೭೧ರಲ್ಲಿ ಐ.ಬಿ.ಎಂ. ಸಂಸ್ಥೆ ಎಂಟು ಇಂಚಿನ ಮೊದಲ ಫ್ಲಾಪಿಯನ್ನು ಹೊರತಂದಾಗ ಅದರ ಉದ್ದೇಶ ಜನರ ಕಾಗದಪತ್ರಗಳನ್ನು ಹೊರುವುದಾಗಿರಲಿಲ್ಲ. ದೊಡ್ಡ ಗಣಕಗಳಿಗೆ ಅವುಗಳ ಆರಂಭದ ಸೂಚನೆಗಳನ್ನು ಉಣಿಸುವುದಾಗಿತ್ತು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು ೮೦ ಸಾವಿರ ಬೈಟು. ಆಮೇಲೆ ಐದೂಕಾಲು ಇಂಚಿನದು ಬಂದಿತು. ೧೯೮೧ರಲ್ಲಿ ಸೋನಿ ಸಂಸ್ಥೆಯು ಗಟ್ಟಿ ಕವಚದ ಮೂರೂವರೆ ಇಂಚಿನದನ್ನು ತಂದಿತು. ೧೯೮೭ರಿಂದ ಹಬ್ಬಿದ ಅದರ ರೂಪವೇ ನಮ್ಮ ಊರುಗಳ ಜನ ಬಲ್ಲ ಫ್ಲಾಪಿ. ಲೆಕ್ಕ ಕೇಳಿ: ತಟ್ಟೆಗೆ ಎರಡು ಮೈ, ಒಂದೊಂದು ಮೈಗೆ ೮೦ ವರ್ತುಲ, ಒಂದೊಂದು ವರ್ತುಲದಲ್ಲಿ ೧೮ ಮನೆ, ಒಂದೊಂದು ಮನೆಯಲ್ಲಿ ೫೧೨ ಬೈಟು. ಗುಣಿಸಿದರೆ ೧೪,೭೪,೫೬೦. ವಿಳಾಸದ ಪಟ್ಟಿಗೆಂದು ಕೊಂಚ ಭಾಗ ಹೋಗಿ, ನಮ್ಮ ಕೈಗೆ ಉಳಿಯುವುದು ೧೪,೫೭,೬೬೪ ಬೈಟು. ಇಂದು ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ಅದರಲ್ಲಿ ಹಿಡಿಸುವುದು ಕಷ್ಟ. ಮೂರು ನಿಮಿಷದ ಒಂದು ಹಾಡೂ ಸಾಮಾನ್ಯವಾಗಿ ಹಿಡಿಸದು.

ಇಷ್ಟು ಸಣ್ಣ ಬುತ್ತಿಯಲ್ಲಿ ಏನನ್ನು ಕಟ್ಟಬೇಕು, ಏನನ್ನು ಬಿಡಬೇಕು? ಸವದತ್ತಿ ಯಲ್ಲಮ್ಮನ ಜಾತ್ರೆಗೆ ಚಕ್ಕಡಿಯಲ್ಲಿ ಹೋಗುವವರು ಮನೆಯ ಉಗ್ರಾಣವನ್ನೆಲ್ಲ ಹೇರಿಕೊಂಡು ಹೋಗುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯ—ದಾರಿ ಮುಗಿಯುವವರೆಗೆ ಸಾಕಾದಷ್ಟು. ಫ್ಲಾಪಿ ಕಟ್ಟುವವರೂ ಹಾಗೆಯೇ ಮಾಡಿದರು. ಧ್ವನಿ ಬೇಡ, ಮುದ್ರಣಯಂತ್ರ ಬೇಡ, ತೆರೆಯ ಬಣ್ಣಗಳು ಬೇಡ. ಕೀಲಿಮಣೆ ಬೇಕು, ಹಾರ್ಡ್ ಡಿಸ್ಕ್ ಬೇಕು, ಉಳಿದ ಸರಕು ಸಿ.ಡಿ.ಯಿಂದ ಬರುವುದಾದರೆ ಸಿ.ಡಿ.ಯ ಡ್ರೈವರ್, ತಂತಿಯ ಮೂಲಕ ಬರುವುದಾದರೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಬೇಕು. ಊರು ಸೇರಿದ ಮೇಲೆ ಉಳಿದುದನ್ನು ಊರಿನಲ್ಲಿಯೇ ಪಡೆದರಾಯಿತು.

ಆದರೆ ಇಷ್ಟು ಆಯ್ದರೂ ಬುತ್ತಿ ತುಂಬಿ ತುಳುಕುತ್ತಿತ್ತು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದ ಮೇಲೆ, ೧೯೯೩ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಎಂಬವರು ಸ್ಲ್ಯಾಕ್‌ವೇರ್ ಎಂಬ ಹೆಸರಿನಲ್ಲಿ ಅದನ್ನು ಫ್ಲಾಪಿಗಳ ಕಟ್ಟಾಗಿ ಹಂಚತೊಡಗಿದರು. ಅವರು ಹಿಡಿದ ದಾರಿ ಸರಳವಾದುದು: ಎಲ್ಲ ಡ್ರೈವರುಗಳು ಒಂದು ಫ್ಲಾಪಿಯಲ್ಲಿ ಹಿಡಿಯದಿದ್ದರೆ ಹಲವು ಬಗೆಯ ಆರಂಭದ ಫ್ಲಾಪಿಗಳನ್ನು ಸಿದ್ಧಪಡಿಸುವುದು. ಸಾಧಾರಣ ಡಿಸ್ಕ್ ಉಳ್ಳವರಿಗೆ ಒಂದು, ಸ್ಕಸಿ ಎಂಬ ಬೆಲೆಬಾಳುವ ಡಿಸ್ಕ್ ಉಳ್ಳವರಿಗೆ ಇನ್ನೊಂದು. ತಮ್ಮ ಯಂತ್ರಕ್ಕೆ ಒಪ್ಪುವುದನ್ನು ಅವರವರೇ ಆಯ್ದುಕೊಳ್ಳಬೇಕು. ಓಪನ್ ಬಿ.ಎಸ್.ಡಿ. ಎಂಬ ಇನ್ನೊಂದು ಸಿಸ್ಟಮಿನವರೂ ಸಾಮಾನ್ಯ ಯಂತ್ರಕ್ಕೊಂದು, ದೊಡ್ಡ ಸರ್ವರುಗಳಿಗೊಂದು, ಲ್ಯಾಪ್‌ಟಾಪಿಗೊಂದು ಎಂದು ಮೂರು ಫ್ಲಾಪಿ ಮಾಡಿದರು.

ಎರಡನೆಯ ದಾರಿ, ಡ್ರೈವರುಗಳನ್ನು ಮುಖ್ಯ ಬರಹದಿಂದ ಬಿಡಿಸಿ ಬೇರೆ ಬೇರೆ ಗಂಟುಗಳನ್ನಾಗಿ ಕಟ್ಟುವುದು. ಲಿನಕ್ಸಿನಲ್ಲಿ ಇವಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಆರಂಭದ ಫ್ಲಾಪಿ ಮೊದಲು ಎದ್ದು ನಿಂತು, “ನನಗೆ ಈ ಡಿಸ್ಕಿನ ಗುರುತಿಲ್ಲ, ಡ್ರೈವರುಗಳ ಫ್ಲಾಪಿ ಹಾಕಿ” ಎಂದು ಕೇಳುತ್ತದೆ. ರೆಡ್ ಹ್ಯಾಟ್, ಡೆಬಿಯನ್ ಎಂಬ ವಿತರಣೆಗಳಲ್ಲಿ ಇಂಥ ಪ್ರತ್ಯೇಕ ಡ್ರೈವರ್ ಫ್ಲಾಪಿಗಳಿದ್ದವು.

ಮೂರನೆಯದು ಅದುಮಿ ಕಟ್ಟುವುದು. ಗಾದಿಯ ಹತ್ತಿಯನ್ನು ಒತ್ತಿ ಚೀಲಕ್ಕೆ ತುಂಬಿದಂತೆ ಬರಹವನ್ನು ಸಂಕೋಚಿಸಿ ಫ್ಲಾಪಿಯಲ್ಲಿಟ್ಟು, ಯಂತ್ರದ ಸ್ಮೃತಿಯಲ್ಲಿ ಬಿಚ್ಚಿ ಹರಡುವುದು. ನಾಲ್ಕನೆಯ ಉಪಾಯ ನನಗೆ ಬಹಳ ಮೆಚ್ಚುಗೆಯಾದುದು. ಡೆಬಿಯನ್ನಿನ ಬ್ರೂಸ್ ಪೆರೆನ್ಸ್ ೧೯೯೫ರಲ್ಲಿ ಬಿಝಿಬಾಕ್ಸ್ ಎಂಬುದನ್ನು ಬರೆಯತೊಡಗಿದರು. ಕಡತ ನಕಲು ಮಾಡಲು ಒಂದು, ಅಳಿಸಲು ಒಂದು, ಪಟ್ಟಿ ತೋರಿಸಲು ಒಂದು ಎಂದು ಹತ್ತಾರು ಕಾರ್ಯಕ್ರಮಗಳನ್ನು ಇಡುವ ಬದಲು, ಎಲ್ಲ ಕೆಲಸವನ್ನೂ ಮಾಡುವ ಒಂದೇ ಕಾರ್ಯಕ್ರಮ. ಸಣ್ಣ ನಾಟಕ ಮಂಡಳಿಯಲ್ಲಿ ಒಬ್ಬನೇ ನಟ ಪೇಟ ಬದಲಿಸಿ ರಾಜನೂ ಆಗಿ, ದೂತನೂ ಆಗಿ, ಮುದುಕನೂ ಆಗಿ ಬರುವುದಿಲ್ಲವೆ? ಕರೆದ ಹೆಸರಿಗೆ ತಕ್ಕ ವೇಷ. ಹೀಗೆ ಉಳಿದ ಜಾಗದಲ್ಲಿ ಡ್ರೈವರುಗಳಿಗೆ ಸ್ಥಳವಾಯಿತು. ಫ್ಲಾಪಿಗಾಗಿ ಹುಟ್ಟಿದ ಆ ಬಿಝಿಬಾಕ್ಸ್ ಇಂದಿಗೂ ಅನೇಕ ಮನೆಗಳ ಇಂಟರ್‌ನೆಟ್ ರೂಟರುಗಳಲ್ಲಿ ಸದ್ದಿಲ್ಲದೆ ದುಡಿಯುತ್ತಿದೆ.

ಇಲ್ಲಿ ಒಂದು ಮಾತು. ಜಾಗ ಸಾಲದೆಂದು ಯಾವುದೋ ಒಂದು ಡ್ರೈವರನ್ನು ಬಿಟ್ಟರು ಎನ್ನುವುದು ಸುಲಭ. ಬಿಟ್ಟದ್ದು ಯಾರದು? ಹೊಸ ಯಂತ್ರ ಕೊಳ್ಳುವ ದೊಡ್ಡ ಕಚೇರಿಯದಲ್ಲ. ಎರಡನೆಯ ಕೈಯ ಯಂತ್ರ, ಬೇರೆ ಬೇರೆ ಕಡೆಯ ಬಿಡಿಭಾಗ ಕೂಡಿಸಿದ ಯಂತ್ರ ಇಟ್ಟುಕೊಂಡವರದು. ಆದುದರಿಂದ ಫ್ಲಾಪಿಯ ಬುತ್ತಿಯಲ್ಲಿ ಏನು ಕಟ್ಟಿದರು ಎಂಬ ಪ್ರಶ್ನೆ ನಮ್ಮಂಥ ಊರುಗಳ ಓಣಿಗಳಿಗೆ ದೂರದ ಪ್ರಶ್ನೆಯಾಗಿರಲಿಲ್ಲ.

ಇನ್ನು ವಿಂಡೋಸಿನ ಕ್ರಮ. ವಿಂಡೋಸ್ ೨೦೦೦ಕ್ಕೆ ಆರಂಭದ ಫ್ಲಾಪಿಗಳು ನಾಲ್ಕು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಆರು. ಡ್ರೈವರುಗಳು ಬೆಳೆದಂತೆ ಬುತ್ತಿಗಳೂ ಬೆಳೆದವು. ಸಿ.ಡಿ.ಯಿಂದ ನೇರವಾಗಿ ಆರಂಭಿಸುವ ಏರ್ಪಾಡೂ ಆ ವೇಳೆಗೆ ಇತ್ತು. ಸೋಜಿಗವೆಂದರೆ ೧೯೯೫ರ ಎಲ್ ಟೊರಿಟೊ ಎಂಬ ಆ ಏರ್ಪಾಡಿನ ಒಂದು ಬಗೆಯಲ್ಲಿ ಸಿ.ಡಿ.ಯು ತನ್ನೊಳಗೆ ಒಂದು ಫ್ಲಾಪಿಯ ಪ್ರತಿಯನ್ನಿಟ್ಟುಕೊಂಡು, ಬಯೋಸಿನ ಎದುರು ತಾನೂ ಫ್ಲಾಪಿಯೆಂದೇ ನಟಿಸುತ್ತಿತ್ತು! ಆದರೆ ಸಿ.ಡಿ. ಅಚ್ಚಾದ ಮೇಲೆ ಹುಟ್ಟಿದ ಡಿಸ್ಕ್ ಕಂಟ್ರೋಲರುಗಳ ಡ್ರೈವರ್ ಅದರಲ್ಲಿ ಇರುವುದೆಂತು? ಅದಕ್ಕಾಗಿ ಎಕ್ಸ್‌ಪಿಯಲ್ಲಿ ಒಂದು ಕಿಂಡಿ ಇಟ್ಟಿದ್ದರು. ಆರಂಭದಲ್ಲಿ ತೆರೆಯ ಕೆಳಗೆ ಕೆಲವೇ ಕ್ಷಣ ಒಂದು ಸಾಲು ಮೂಡುತ್ತಿತ್ತು: ಬೇರೆ ತಯಾರಕರ ಡ್ರೈವರ್ ಇದ್ದರೆ ಎಫ್ ಆರು ಎಂಬ ಕೀಲಿಯನ್ನು ಒತ್ತಿರಿ ಎಂದು. ಒತ್ತಿದರೆ ಅದು ಫ್ಲಾಪಿಯನ್ನು ಕೇಳುತ್ತಿತ್ತು. ಸಿ.ಡಿ. ಕೊಟ್ಟರೆ ಒಲ್ಲೆ, ಪೆನ್‌ಡ್ರೈವ್ ಕೊಟ್ಟರೆ ಒಲ್ಲೆ, ಫ್ಲಾಪಿಯೇ ಬೇಕು. ಆ ಫ್ಲಾಪಿಯಲ್ಲಿ ಟಿಎಕ್ಸ್‌ಟಿಸೆಟಪ್ ಡಾಟ್ ಓಇಎಂ ಎಂಬ ಹೆಸರಿನ ಒಂದು ಓಲೆ ಇರಬೇಕು. ಯಾವ ಕಂಟ್ರೋಲರಿಗೆ ಯಾವ ಕಡತ ಎಂಬ ವಿವರ ಅದರಲ್ಲಿರುತ್ತದೆ. ಗುರುತು ಹಿಡಿಯುವುದು ಸಂಖ್ಯೆಗಳಿಂದ. ಒಬ್ಬೊಬ್ಬ ತಯಾರಕನಿಗೆ ಒಂದು ಸಂಖ್ಯೆ, ಒಂದೊಂದು ಉಪಕರಣಕ್ಕೆ ಇನ್ನೊಂದು. ಇಂಟೆಲ್ ಸಂಸ್ಥೆಯ ಸಂಖ್ಯೆ ೮೦೮೬. ಅದರ ಹೆಸರಾಂತ ಹಳೆಯ ಚಿಪ್ಪಿನ ಹೆಸರೂ ಅದೇ.

ಈಗ ನನ್ನ ಒಂದು ಅನುಭವವನ್ನು ಹೇಳುತ್ತೇನೆ. ೨೦೦೫ರ ಮಳೆಗಾಲ. ಆಗ ನಾನು ಗಣಕಯಂತ್ರ ದುರಸ್ತಿ ಮಾಡಿ ಹೊಟ್ಟೆ ಹೊರೆಯುತ್ತಿದ್ದೆ. ಖಾಸಬಾಗದ ಒಬ್ಬ ಹಿರಿಯ ನೇಕಾರರು, ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದವರು, ಸೀರೆಯ ಅಂಚು ಸೆರಗುಗಳ ನಕ್ಷೆ ತೆಗೆಯುವುದರಲ್ಲಿ ಪಳಗಿದವರು. ನಲವತ್ತು ವರ್ಷ ಅವರು ಚೌಕಳಿ ಕಾಗದದ ಮೇಲೆ ಬರೆದ ನಕ್ಷೆಗಳನ್ನು ಅವರ ಮಗ ಎರಡು ವರ್ಷ ರಾತ್ರಿ ಕುಳಿತು ಗಣಕದಲ್ಲಿ ತುಂಬಿದ್ದನು. ಕಾಗದಗಳಲ್ಲಿ ಬಹಳಷ್ಟನ್ನು ಗೆದ್ದಲು ತಿಂದಿತ್ತು. ನಕಲು ಇಟ್ಟಿದ್ದ ಫ್ಲಾಪಿಗಳಿಗೆ ಬೆಳಗಾವಿಯ ಮಳೆಯ ತೇವದಲ್ಲಿ ಬೂಸಲು ಹಿಡಿದಿತ್ತು. ಉಳಿದುದು ಹಾರ್ಡ್ ಡಿಸ್ಕ್ ಒಂದೇ. ಒಂದು ದಿನ ಗುಡುಗು ಮಿಂಚಿನ ಹೊಡೆತಕ್ಕೆ ಯಂತ್ರದ ಮುಖ್ಯ ಹಲಗೆ ಸುಟ್ಟಿತು. ದೀಪಾವಳಿಯ ಸೀರೆಗಳ ನಕ್ಷೆ ಅದರಲ್ಲಿ. ರಟ್ಟು ಕೊರೆಯುವವನು ಕಾಯುತ್ತಿದ್ದಾನೆ. ಅವನ ಹಿಂದೆ ನಾಲ್ಕು ಮಗ್ಗ ಕಾಯುತ್ತಿವೆ. ಮಗ್ಗ ನಿಂತರೆ ವಾರದ ಕೂಲಿ ನಿಂತಿತು.

ಹೊಸ ಹಲಗೆ, ಅದರೊಡನೆ ಸಾಟಾ ಎಂಬ ಹೊಸ ಬಗೆಯ ಒಂದು ಡಿಸ್ಕ್ ತಂದೆ. ಹಳೆಯ ಡಿಸ್ಕಿನಲ್ಲಿದ್ದ ವಿಂಡೋಸು ಹಳೆಯ ಹಲಗೆಗೆ ಒಗ್ಗಿದುದು. ಹೊಸ ಹಲಗೆಯಲ್ಲಿ ಏಳಲೊಲ್ಲದೆ ನೀಲಿ ತೆರೆ ತೋರಿಸಿತು. ಹೊಸ ಡಿಸ್ಕಿನಲ್ಲಿ ಹೊಸದಾಗಿ ಎಕ್ಸ್‌ಪಿ ನೆಲೆಗೊಳಿಸಿ, ಆಮೇಲೆ ಹಳೆಯದರಿಂದ ನಕ್ಷೆ ತೆಗೆಯುವುದೆಂದು ನಿಶ್ಚಯಿಸಿದೆ. ಮೊದಲು ಮಾಡಿದ ಕೆಲಸ, ಹಳೆಯ ಡಿಸ್ಕಿನ ತಂತಿಯನ್ನು ಕಿತ್ತು ಪಕ್ಕಕ್ಕಿಟ್ಟದ್ದು. ಇದು ಜಾಣತನವಲ್ಲ, ಪಶ್ಚಾತ್ತಾಪ. ಕೆಲವು ವರ್ಷಗಳ ಹಿಂದೆ ಒಬ್ಬ ಕಿರಾಣಿ ವ್ಯಾಪಾರಿಯ ಯಂತ್ರದಲ್ಲಿ ಎರಡು ಡಿಸ್ಕ್ ಜೋಡಿಸಿಟ್ಟೇ ಕೆಲಸ ಮಾಡಲು ಹೋಗಿ, ಹೆಸರು ಗುರುತಿಸುವುದರಲ್ಲಿ ತಪ್ಪಿ, ಅವರ ವರ್ಷದ ಉದರಿ ಲೆಕ್ಕವನ್ನು ಅಳಿಸಿಬಿಟ್ಟಿದ್ದೆ. ಆ ಮನುಷ್ಯ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಮರೆಯುತ್ತಿದ್ದೆನೇನೋ.

ಸಿ.ಡಿ. ಹಾಕಿ ಆರಂಭಿಸಿದೆ. ಹಾರ್ಡ್ ಡಿಸ್ಕ್ ಯಾವುದೂ ಇಲ್ಲವೆಂದು ಯಂತ್ರ ಹೇಳಿತು. ಎಫ್ ಆರು ಒತ್ತಿ ಡ್ರೈವರಿನ ಫ್ಲಾಪಿ ಕೊಡಬೇಕು. ಹಲಗೆಯೊಡನೆ ಬಂದದ್ದು ಸಿ.ಡಿ. ಮಾತ್ರ. ಅದರಿಂದ ಫ್ಲಾಪಿಗೆ ಇಳಿಸಿಕೊಳ್ಳಲು ಇನ್ನೊಂದು ಯಂತ್ರ ಬೇಕು. ಮಳೆಯಲ್ಲಿ ಬಸವೇಶ್ವರ ವೃತ್ತದ ಕಡೆಗೆ ಹೋಗಿ, ಬಾಗಿಲು ಹಾಕುತ್ತಿದ್ದ ಟೈಪಿಂಗ್ ಅಂಗಡಿಯವರನ್ನು ಬೇಡಿಕೊಂಡು ಕಡತಗಳನ್ನು ಫ್ಲಾಪಿಗೆ ನಕಲು ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದೆ. ಹಾಕಿದೆ. ಓಲೆ ಸಿಗಲಿಲ್ಲವೆಂದು ಯಂತ್ರ ನಿರಾಕರಿಸಿತು. ಇನ್ನೊಮ್ಮೆ ಹಾಕಿದೆ, ಅದೇ ಮಾತು. ನನ್ನ ತಲೆ ಓಡದಾಯಿತು.

ಕಾಕಾ ಹಿಂದೆ ಕುರ್ಚಿಯಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. “ಆ ತಟ್ಟ್ಯಾಗ ಏನ್ ಹಾಕೀ ತಮ್ಮಾ?” ಎಂದು ಕೇಳಿದರು.

“ಡ್ರೈವರ್ ಹಾಕೇನ್ರಿ ಕಾಕಾ. ಒಂದು ಓಲೆ ಐತ್ರಿ, ಅದನ್ನ ಓದಿ ಉಳದದ್ದನ್ನ ತಗೋಬೇಕ್ರಿ ಇದು.”

“ಮತ್ತ ಆ ಓಲೆ ಮ್ಯಾಲ ಐತೋ, ಗಂಟಿನಾಗ ಐತೋ? ನಿನ್ನ ಯಂತ್ರ ನನಗ ತಿಳಿಯಂಗಿಲ್ಲ. ಆದ್ರ ನಮ್ಮ ಜಕಾರ್ಡಿನಾಗ ಮೊದಲನೇ ರಟ್ಟು ಮೊದಲ ಇರಲಿಲ್ಲಂದ್ರ ನವಿಲಿನ ಕಾಲು ತಲಿ ಮ್ಯಾಲ ಬರ್ತಾವ ನೋಡಪಾ.”

ನಾನು ಸುಮ್ಮನಾದೆ. ಸಿ.ಡಿ.ಯಲ್ಲಿದ್ದ ಕೋಶವನ್ನು ಕೋಶವಾಗಿಯೇ ನಕಲು ಮಾಡಿದ್ದೆ. ಓಲೆ ಗಂಟಿನೊಳಗೆ ಇತ್ತು. ಯಂತ್ರ ಗಂಟು ಬಿಚ್ಚಿ ನೋಡುವುದಿಲ್ಲ, ಫ್ಲಾಪಿಯ ಹೊಸ್ತಿಲಲ್ಲಿ ಇರುವುದನ್ನು ಮಾತ್ರ ನೋಡುತ್ತದೆ. ಮತ್ತೆ ಮಳೆ, ಮತ್ತೆ ಅಂಗಡಿ. ಈ ಸಲ ಓಲೆಯನ್ನೂ ಅದು ಕೇಳುವ ಕಡತಗಳನ್ನೂ ಹೇಳಿದ ಹೇಳಿದ ಜಾಗದಲ್ಲಿಟ್ಟೆ. ಅಂಗಡಿಯವರು ಒಳ್ಳೆಯವರು, “ಎರಡು ಮಾಡ್ಕೊಂಡು ಹೋಗ್ರಿ” ಎಂದು ಹೊಸ ಡಬ್ಬಿಯಿಂದ ಇನ್ನೊಂದು ಫ್ಲಾಪಿ ಕೊಟ್ಟರು. ಆ ಮಾತೇ ಉಳಿಸಿತು.

ಈ ಸಲ ಪಟ್ಟಿ ಬಂದಿತು. ಎಕ್ಸ್‌ಪಿಯದೆಂದು ಬರೆದುದನ್ನು ಆರಿಸಿದೆ. ಹೊಸ ಡಿಸ್ಕ್ ಕಂಡಿತು. ಮನೆಯವರೆಲ್ಲ ಉಸಿರು ಬಿಟ್ಟರು. ಆದರೆ ಈ ಕ್ರಮದಲ್ಲಿ ಫ್ಲಾಪಿಯನ್ನು ಯಂತ್ರ ಎರಡು ಸಲ ಓದುತ್ತದೆ: ಮೊದಲು ಡಿಸ್ಕನ್ನು ಕಾಣುವುದಕ್ಕೆ, ಆಮೇಲೆ ಆ ಡ್ರೈವರನ್ನು ಡಿಸ್ಕಿನಲ್ಲಿ ನೆಲೆಗೊಳಿಸುವುದಕ್ಕೆ. ಎರಡನೆಯ ಸಲಕ್ಕೆ ನನ್ನ ಫ್ಲಾಪಿ ಕರಕರ ಎಂದು ಅಳತೊಡಗಿತು; ಕಡತವೊಂದನ್ನು ಓದಲಾರೆನೆಂದು ತೆರೆ ಹೇಳಿತು. ಮಗ್ಗದ ಮನೆ, ನೂಲಿನ ಧೂಳು ಎಲ್ಲೆಲ್ಲಿಯೂ. ಫ್ಲಾಪಿಯ ಓದುಗಣ್ಣು ತಟ್ಟೆಯನ್ನು ಮುಟ್ಟಿಕೊಂಡೇ ಓದುತ್ತದೆ, ನಿಮಿಷಕ್ಕೆ ೩೦೦ ಸುತ್ತು. ನಡುವೆ ಒಂದು ಎಳೆ ಸಿಕ್ಕರೂ ಗೀರು. ಎರಡನೆಯ ಫ್ಲಾಪಿಯನ್ನು ಹಾಕಿ ಮತ್ತೆ ಓದಲು ಹೇಳಿದೆ. ಓದಿತು. ಕೆಲಸ ಮುಗಿದಾಗ ಬೆಳಗಿನ ಮೂರು ಗಂಟೆ. ಯಂತ್ರ ಆರಿಸಿ, ಹಳೆಯ ಡಿಸ್ಕನ್ನು ಜೋಡಿಸಿ, ಮತ್ತೆ ಹಚ್ಚಿದೆವು. ಮಗ ಒಂದೊಂದಾಗಿ ನಕ್ಷೆಗಳನ್ನು ತೆರೆದು ತೋರಿಸಿದನು. ಕಾಕಾ ಕನ್ನಡಕ ಹಾಕಿಕೊಂಡು ನೋಡಿ, “ಈ ಹೂವು ನಮ್ಮವ್ವನ ಸೀರಿಯಾಗಿಂದು” ಎಂದರು. ನಾಲ್ಕು ದಿನ ಬಿಟ್ಟು ಎಲ್ಲವನ್ನೂ ಎರಡು ಸಿ.ಡಿ.ಗಳಲ್ಲಿ ಬರೆದು, ಒಂದನ್ನು ಅವರ ಮಗಳ ಮನೆಗೆ ಖಾನಾಪುರಕ್ಕೆ ಕಳಿಸಿದೆವು.

ಇದರಿಂದ ಕೆಲವು ನಿಯಮಗಳನ್ನು ನಾನು ಕಲಿತೆ. ಹಳೆಯ ಯಂತ್ರ ಇಟ್ಟುಕೊಂಡವರಿಗೆ ಅವು ಈಗಲೂ ಉಪಯೋಗವಾಗುತ್ತವೆ. ಉದ್ಯಮಬಾಗದಂಥ ಕಡೆ ಹಳೆಯ ಕಾಲದ ಲೇತು ಮಿಲ್ಲಿಂಗ್ ಯಂತ್ರಗಳನ್ನು ನಡೆಸುವವರಿಗೆ, ಹಳೆಯ ಕಸೂತಿ ಯಂತ್ರದವರಿಗೆ ಫ್ಲಾಪಿಯ ಹಂಗು ತಪ್ಪದೆ ಇರಬಹುದು. ಮೊದಲನೆಯದು, ಉಳಿಸಬೇಕಾದ ಡಿಸ್ಕಿನ ತಂತಿಯನ್ನು ಕಿತ್ತಿಟ್ಟ ಮೇಲೆಯೇ ಹೊಸ ಡಿಸ್ಕಿಗೆ ಕೈ ಹಚ್ಚಿ. ಎರಡನೆಯದು, ಫ್ಲಾಪಿಯನ್ನು ಮೊದಲು ಪೂರ್ತಿಯಾಗಿ ಫಾರ್ಮ್ಯಾಟ್ ಮಾಡಿ. ಅವಸರದ ಬಗೆ ಬೇಡ, ಮನೆಮನೆಯನ್ನೂ ಪರೀಕ್ಷಿಸುವ ಬಗೆ ಬೇಕು. ಮೂರನೆಯದು, ಬರೆದಾದ ಮೇಲೆ ಮೂಲೆಯ ಗುಂಡಿಯನ್ನು ಸರಿಸಿ ಬೀಗ ಹಾಕಿ. ನಾಲ್ಕನೆಯದು, ಎರಡು ಪ್ರತಿ ಮಾಡಿ. ಸಾಧ್ಯವಾದರೆ ಯಾವ ಯಂತ್ರ ಅದನ್ನು ಓದಬೇಕೋ ಅದರ ಫ್ಲಾಪಿ ಪೆಟ್ಟಿಗೆಯಲ್ಲಿಯೇ ಒಮ್ಮೆ ಓದಿಸಿ ನೋಡಿ. ಒಂದು ಪೆಟ್ಟಿಗೆಯ ಓದುಗಣ್ಣು ಕೂದಲೆಳೆ ಸರಿದಿದ್ದರೆ ಅದು ಬರೆದುದನ್ನು ಇನ್ನೊಂದು ಪೆಟ್ಟಿಗೆ ಓದಲಾರದು. ಐದನೆಯದು, ಫ್ಲಾಪಿಗಳನ್ನು ಧ್ವನಿವರ್ಧಕದ ಹತ್ತಿರ ಇಡಬೇಡಿ. ನಿಮ್ಮ ರೇಡಿಯೋದ ಧ್ವನಿವರ್ಧಕದ ಬೆನ್ನಿಗೆ ಆಯಸ್ಕಾಂತವಿದೆ. ಅದು ನಿಮಗೆ ಹಾಡು ಕೇಳಿಸುತ್ತಲೇ ಮೇಲಿಟ್ಟ ಫ್ಲಾಪಿಯ ಬರಹವನ್ನು ಕೆಡಿಸಬಲ್ಲದು.

ಕಾಲ ಮುಂದೆ ಸಾಗಿತು. ಡ್ರೈವರನ್ನು ವಿಂಡೋಸಿನ ಸಿ.ಡಿ.ಯೊಳಗೇ ಹೊಲಿದು ಹೊಸ ಸಿ.ಡಿ. ಮಾಡಿಕೊಳ್ಳುವ ಉಪಾಯವನ್ನು ನಮ್ಮಂಥವರು ಕಲಿತೆವು. ೨೦೦೭ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ, ಪೆನ್‌ಡ್ರೈವಿನಿಂದಲೂ ಡ್ರೈವರ್ ಸ್ವೀಕರಿಸುವ ಔದಾರ್ಯ ತೋರಿತು. ಸೋನಿ ಸಂಸ್ಥೆ ೨೦೧೧ರಲ್ಲಿ ಜಪಾನಿನಲ್ಲಿ ಫ್ಲಾಪಿಯ ಮಾರಾಟವನ್ನು ನಿಲ್ಲಿಸಿತು. ೨೦೧೯ರಲ್ಲಿ ಲಿನಕ್ಸಿನೊಳಗಿನ ಫ್ಲಾಪಿಯ ಡ್ರೈವರನ್ನೇ ಟೋರ್ವಾಲ್ಡ್ಸ್ ಅನಾಥವೆಂದು ಗುರುತು ಹಾಕಿದರು. ಪರೀಕ್ಷಿಸಿ ನೋಡಲು ನಡೆಯುವ ಫ್ಲಾಪಿ ಪೆಟ್ಟಿಗೆ ಸಿಗುವುದೇ ದುರ್ಲಭವಾಗಿತ್ತು. ಎಲ್ಲರ ಡ್ರೈವರನ್ನೂ ಹೊತ್ತು ತಂದದ್ದಕ್ಕೆ ಆಗ ತನ್ನ ಡ್ರೈವರನ್ನು ನೋಡಿಕೊಳ್ಳುವವರಿಲ್ಲವಾಯಿತು.

ಹಾಗೆಂದು ಈ ಕಥೆ ಮುಗಿದುದೆಂದು ತಿಳಿಯಬೇಡಿ. ಇತ್ತೀಚೆಗೆ ಪಕ್ಕದ ಮನೆಯ ಹುಡುಗಿ, ಇಂಜಿನಿಯರಿಂಗ್ ಓದುವವಳು, ಹೊಸ ಲ್ಯಾಪ್‌ಟಾಪ್ ಹಿಡಿದು ಬಂದಳು. ವಿಂಡೋಸನ್ನು ಹೊಸದಾಗಿ ಹಾಕಲು ಹೊರಟರೆ ಡಿಸ್ಕೇ ಕಾಣುವುದಿಲ್ಲವೆನ್ನುತ್ತಿದೆ. ಡಿಸ್ಕ್ ಕೆಟ್ಟಿತೇನು ಮಾಮಾ, ಎಂದು ಅವಳಿಗೆ ಅಳುವೇ ಬಂದಿತ್ತು. ಡಿಸ್ಕ್ ಕೆಟ್ಟಿರಲಿಲ್ಲ. ಇಂಟೆಲ್ಲಿನ ಹನ್ನೊಂದನೆಯ ತಲೆಮಾರು ಮತ್ತು ಅದರ ಮುಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿ.ಎಂ.ಡಿ. ಎಂಬ ಏರ್ಪಾಡಿನ ಹಿಂದೆ ಡಿಸ್ಕ್ ಅಡಗಿರುತ್ತದೆ. ಅದರ ಡ್ರೈವರ್ ಸಿಗದೆ ಹೋದರೆ ನೆಲೆಗೊಳಿಸುವ ಕಾರ್ಯಕ್ರಮಕ್ಕೆ ಡಿಸ್ಕ್ ಕಾಣದು. ತಯಾರಕರ ತಾಣದಿಂದ ಆ ಡ್ರೈವರನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಟ್ಟು, ಡ್ರೈವರ್ ತುಂಬಿರಿ ಎಂಬ ಗುಂಡಿಯನ್ನು ಒತ್ತಬೇಕು. ಅವಳು ಇಳಿಸಿಕೊಂಡಿದ್ದಳು. ಆದರೂ ಯಂತ್ರ ಒಲ್ಲೆನೆನ್ನುತ್ತಿತ್ತು.

ಪೆನ್‌ಡ್ರೈವನ್ನು ತೆರೆದು ನೋಡಿದೆ. ೬೪ ಗಿಗಾಬೈಟಿನದು, ನಲವತ್ತು ಸಾವಿರ ಫ್ಲಾಪಿಗಳಿಗಿಂತ ಹೆಚ್ಚು ಹಿಡಿಯುವಂಥದು. ಅದರಲ್ಲಿ ಡ್ರೈವರ್ ಇತ್ತು. ಆದರೆ ಅದುಮಿ ಕಟ್ಟಿದ ಜಿಪ್ ಗಂಟಿನೊಳಗೇ ಇತ್ತು, ಬಿಚ್ಚಿರಲಿಲ್ಲ. ನನಗೆ ಎಲೆ ಅಡಿಕೆಯ ವಾಸನೆ ಬಂದಂತಾಯಿತು. “ಓಲೆ ಮ್ಯಾಲ ಐತೋ, ಗಂಟಿನಾಗ ಐತೋ ನೋಡವ್ವಾ” ಎಂದೆ. ಅವಳು ನನ್ನ ಮುಖ ನೋಡಿದಳು, ಗಂಟು ಬಿಚ್ಚಿದಳು. ಡಿಸ್ಕ್ ಕಂಡಿತು. ಅವಳ ಕೈ ಮುಂದಿನ ಗುಂಡಿಯತ್ತ ಹೋದಾಗ ತಡೆದು, ಡಿಸ್ಕಿನಲ್ಲಿ ಉಳಿಸಬೇಕಾದುದು ಏನಾದರೂ ಇದೆಯೇ, ಅದರ ಇನ್ನೊಂದು ಪ್ರತಿ ಎಲ್ಲಿದೆ ಎಂದು ಕೇಳಿದೆ. ನಿಮ್ಮ ಮನೆಯಲ್ಲಿಯೂ ಅಂಥ ದಿನ ಬಂದರೆ ಈ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಿ. ಡ್ರೈವರ್ ಆಮೇಲೆಯೂ ಸಿಕ್ಕೀತು.